ಬಿಲ್ಲಿನಲ್ಲಿ ಕಾಣದ ಜ್ವರ

ರೋಗಿಯ ಚಿಕಿತ್ಸೆಗೆ ಹಣ ಕೊಡುವ ವ್ಯವಸ್ಥೆ ಒಂದು. ಊರಿಗೆ ಬಂದ ರೋಗವನ್ನು ಪತ್ತೆಹಚ್ಚುವ ವ್ಯವಸ್ಥೆ ಇನ್ನೊಂದು. ಎರಡೂ ಒಂದೇ ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ವಿಜಯಪುರ ಸೀಮೆಯಲ್ಲಿ ಇದು ಹೇಗೆ ನಡೆಯುತ್ತದೆಂಬುದೇ ಇಂದಿನ ಮಾತಿನ ವಿಷಯ.

ತಿಕೋಟಾದ ದ್ರಾಕ್ಷಿ ತೋಟದಲ್ಲಿ ದುಡಿಯುವ ಒಬ್ಬನಿಗೆ ಜ್ವರ ಬಂತೆನ್ನಿ. ಎರಡು ದಿನ ಊರಲ್ಲೇ ಗುಳಿಗೆ ನುಂಗುತ್ತಾನೆ. ಇಳಿಯದಿದ್ದರೆ ಬಸ್ಸು ಹತ್ತಿ ವಿಜಯಪುರದ ಖಾಸಗಿ ದವಾಖಾನೆ ಸೇರುತ್ತಾನೆ. ಬಬಲೇಶ್ವರದವರ ದಾರಿಯೂ ಅದೇ. ಅಲ್ಲಿ ಕಾರ್ಡಿನ ಮೇಲೆ ರಕ್ತದ ಹನಿ ಹಾಕಿ ಡೆಂಗಿ ಎನ್ನುತ್ತಾರೆ, ಸಲೈನ್ ಹಚ್ಚುತ್ತಾರೆ. ಅವನು ಗುಣವಾಗಿ ಊರಿಗೆ ಮರಳುತ್ತಾನೆ. ಯಾವ ಓಣಿಯಲ್ಲಿ ಸೊಳ್ಳೆ ಎದ್ದಿದೆ ಎಂಬ ಸುದ್ದಿಯೂ ಅವನ ಜೊತೆ ಮರಳಿತೆ?

ಆ ಸುದ್ದಿಗಾಗಿಯೇ 2004ರಲ್ಲಿ ಕೇಂದ್ರ ಸರ್ಕಾರ ಸಮಗ್ರ ರೋಗ ಕಣ್ಗಾವಲು ಯೋಜನೆ ಆರಂಭಿಸಿತು. ಆರೋಗ್ಯ ಕಾರ್ಯಕರ್ತೆ ಕಂಡ ಲಕ್ಷಣ, ವೈದ್ಯರ ಅನುಮಾನ, ಪ್ರಯೋಗಾಲಯದ ಫಲಿತಾಂಶ, ಮೂರೂ ಜಿಲ್ಲಾ ಘಟಕಕ್ಕೆ ಮುಟ್ಟಬೇಕು. ಡೆಂಗಿ ದೃಢಪಡಲು ಕಾರ್ಡು ಸಾಲದು, ಎಲಿಸಾ ಪರೀಕ್ಷೆ ಆಗಬೇಕು.

ವಿಮೆಯ ಲೆಕ್ಕವೇ ಬೇರೆ. 2003ರಲ್ಲಿ ಸಹಕಾರಿ ಸಂಘಗಳ ರೈತ ಸದಸ್ಯರಿಗಾಗಿ ಬಂದ ಯಶಸ್ವಿನಿ ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ. 2018ರ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಕೊಡಿಸುತ್ತದೆ. ಹೊಲ ಮಾರುವ ಪ್ರಸಂಗ ತಪ್ಪಿಸಬಲ್ಲ ಯೋಜನೆಗಳಿವು, ಹಗುರಾಗಿ ಕಾಣಬಾರದು. ಆದರೆ ಮನೆಮನೆಯ ತೊಟ್ಟಿ, ಬ್ಯಾರಲ್ ಇಣುಕಿ ಲಾರ್ವಾ ಹುಡುಕುವ ಆಶಾ ಕಾರ್ಯಕರ್ತೆಯ ಕೆಲಸಕ್ಕೆ ಅಲ್ಲಿ ಬಿಲ್ಲಿಲ್ಲ. ಬರದ ನೆಲವಿದು, ನೀರು ತುಂಬಿಡುವುದು ಇಲ್ಲಿನವರಿಗೆ ಅನಿವಾರ್ಯ. ನಿಂತ ನೀರಿನಲ್ಲಿ ಈಡಿಸ್ ಸೊಳ್ಳೆಯ ತತ್ತಿಗೆ ರೆಕ್ಕೆ ಮೂಡಲು ವಾರ, ಹತ್ತು ದಿನ ಸಾಕು. ಸುದ್ದಿ ಹದಿನೈದು ದಿನ ತಡವಾದರೆ ಒಂದು ತಲೆಮಾರೇ ಹಾರಿಹೋಗಿರುತ್ತದೆ.

1990ರ ದಶಕದಲ್ಲಿ ಅಮೆರಿಕದಲ್ಲೂ ಇದೇ ಆತಂಕವಿತ್ತು. ವಿಮಾ ಸಂಸ್ಥೆಗಳೇ ಚಿಕಿತ್ಸೆಯನ್ನು ನಿಯಂತ್ರಿಸತೊಡಗಿದಾಗ, ಖರ್ಚು ಉಳಿಸಲು ಪರೀಕ್ಷೆಗಳು ಕಡಿಮೆಯಾದರೆ, ರಕ್ತದ ಮಾದರಿ ದೂರದ ರಾಜ್ಯಕ್ಕೆ ಹೋದರೆ, ಸ್ಥಳೀಯ ಆರೋಗ್ಯಾಧಿಕಾರಿಗೆ ತಿಳಿಸುವವರು ಯಾರು ಎಂಬ ಪ್ರಶ್ನೆ ಎದ್ದಿತು.

ದಾರಿ ಇಲ್ಲವೆಂದಲ್ಲ. ಕ್ಷಯರೋಗವನ್ನು ಖಾಸಗಿ ವೈದ್ಯರೂ ವರದಿ ಮಾಡುವುದು 2012ರಲ್ಲಿ ಕಡ್ಡಾಯವಾಯಿತು. ಮುಂದೆ, ವರದಿ ಮಾಡಿದ ಖಾಸಗಿ ವೈದ್ಯರಿಗೆ 500 ರೂಪಾಯಿ, ಚಿಕಿತ್ಸೆ ಮುಗಿದ ಸಂಗತಿ ತಿಳಿಸಿದರೆ ಮತ್ತೆ 500 ರೂಪಾಯಿ ಎಂದಾಯಿತು. ಸಣ್ಣ ಮೊತ್ತ, ಆದರೆ ಹಣ ಸುದ್ದಿಗೆ ಸಂದಿತು. ಡೆಂಗಿಯನ್ನು ಕರ್ನಾಟಕ 2024ರಲ್ಲಿ ಸಾಂಕ್ರಾಮಿಕ ರೋಗವೆಂದು ಘೋಷಿಸಿದೆ. ದವಾಖಾನೆಯ ಕಾಗದದಲ್ಲಿ ರೋಗಿಯ ಊರು, ರೋಗದ ಹೆಸರು ಇದ್ದೇ ಇರುತ್ತವೆ. ಆ ಎರಡು ಸಾಲು, ಬಿಲ್ಲು ಪಾಸಾಗುವುದನ್ನು ಕಾಯದೆ, ಅದೇ ದಿನ ಸಂಜೆ ತಿಕೋಟಾಕ್ಕೆ ಮುಟ್ಟಬೇಕು.