ಚದುರಂಗದಲ್ಲಿ ಕಾವಲು ಮತ್ತು ಎದುರೇಟು
(ನಮ್ಮ ವಾಚನಾಲಯದ ಭಾನುವಾರದ ಕೂಟದಲ್ಲಿ ಆಡಿದ ಮಾತು)



ಚದುರಂಗದ ಮೇಲೆ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ನಾವು ಪಂಡಿತರಲ್ಲ; ಹಗಲು ಗಿರಣಿಯಲ್ಲಿ ಲೆಕ್ಕ ಬರೆದು, ಸಂಜೆ ಇಲ್ಲಿ ಪತ್ರಿಕೆಗಳನ್ನು ಜೋಡಿಸಿಡುವವರು. ಆದರೆ ಕಳೆದ ತಿಂಗಳು ನೆರೆಯ ಮಂಡಳಿಯೊಂದರೊಡನೆ ನಡೆದ ಪಂದ್ಯದಲ್ಲಿ ಐದು ಮಣೆಗಳಲ್ಲಿ ನಾಲ್ಕನ್ನು ಕಳೆದುಕೊಂಡು ಬಂದ ಮೇಲೆ, ಮೂಲೆಯ ಆ ಮಣೆಯ ಬಳಿ ನಮ್ಮ ಹುಡುಗರು ಸುಳಿಯುವುದೇ ನಿಂತುಹೋಗಿದೆ. ಆ ನಾಲ್ಕರಲ್ಲಿ ಒಂದು ಸೋಲು ನಮ್ಮದೇ. ಆದುದರಿಂದ ಈ ಮಾತಿನ ಋಣ ನಮ್ಮ ಮೇಲಿದೆ.

ಸೋತದ್ದು ಹೇಗೆ? ಎದುರಾಳಿಯ ಕುದುರೆ ನಮ್ಮ ಕೋಟೆಯ ಬಳಿಗೆ ಬಂದೊಡನೆ ಒಂದೊಂದೇ ಕಾಯಿಯನ್ನು ಹಿಂದಕ್ಕೆ ಕರೆದೆವು. ಆನೆ ಬಂತು, ಒಂಟೆ ಬಂತು, ಮಂತ್ರಿಯೂ ಬಂದ. ಹಬ್ಬದ ದಿನದ ಚಾಳಿನ ಕೋಣೆಯಂತೆ ಎಲ್ಲರೂ ಒಂದೇ ಕಡೆ ಸೇರಿ, ಉಸಿರಾಡಲು ರಾಜನಿಗೇ ಜಾಗವಿಲ್ಲದಾಯಿತು. ಮನೆಗೆ ಬಂದು ಆಟವನ್ನು ಮತ್ತೆ ಹೂಡಿ ನೋಡಿದರೆ, ಎದುರಾಳಿಯ ರಾಜನ ಮುಂದೆ ಒಂದು ಕಾಲಾಳೂ ಇರಲಿಲ್ಲ! ಅತ್ತ ಒಂದು ನಡೆ ನಡೆದಿದ್ದರೆ ಅವರೂ ನಿಂತು ಯೋಚಿಸಬೇಕಾಗುತ್ತಿತ್ತು. ನಾವು ಅತ್ತ ನೋಡಲೇ ಇಲ್ಲ.

ಬಲ್ಲವರ ಆಟವೊಂದನ್ನು ನೋಡೋಣ. 1918, ನ್ಯೂಯಾರ್ಕ್ ನಗರ. ಕ್ಯೂಬಾದ ಕಾಪಾಬ್ಲಾಂಕಾನದು ಬಿಳಿಯ ಕಾಯಿ, ಅಮೆರಿಕದ ಮಾರ್ಷಲನದು ಕರಿಯ ಕಾಯಿ. ಮಾರ್ಷಲ್ ಮೊದಲೇ ಸಿದ್ಧಮಾಡಿಕೊಂಡಿದ್ದ ದಾಳಿಯನ್ನು ತೆಗೆದನು. ಎಂಟನೆಯ ನಡೆಯಲ್ಲಿ ಕಾಲಾಳೊಂದನ್ನು ಬಲಿಗೆ ಒಡ್ಡಿದನು. ಕಾಪಾಬ್ಲಾಂಕಾ ಹೆದರದೆ ತಿಂದನು. ಹದಿಮೂರನೆಯ ನಡೆಗೆ ಕರಿಯ ಕುದುರೆ ಬಿಳಿಯ ಕೋಟೆಯ ಮುಂದೆಯೇ ಬಂದು ನಿಂತಿತು. ಕಾಲಾಳಿನಿಂದ ಅದನ್ನು ಹೊಡೆಯಬಹುದಿತ್ತು. ಹೊಡೆದರೆ ಕರಿಯ ಮಂತ್ರಿ ಒಳಗೆ ನುಗ್ಗುವನು. ಕಾಪಾಬ್ಲಾಂಕಾ ಹೊಡೆಯಲಿಲ್ಲ, ಹಿಂದಕ್ಕೂ ಸರಿಯಲಿಲ್ಲ. ತನ್ನ ಮಂತ್ರಿಯನ್ನು ರಾಜನ ಕಡೆಯ ಒಂಟೆಯ ಸಾಲಿನ ಮೂರನೆಯ ಮನೆಗೆ ತಂದನು. ಈ ಒಂದು ನಡೆಯನ್ನು ದಯವಿಟ್ಟು ಗಮನಿಸಿರಿ. ಅಲ್ಲಿ ನಿಂತ ಮಂತ್ರಿ ರಾಜನನ್ನು ಕಾಯುತ್ತಾನೆ. ಅದೇ ಹೊತ್ತಿಗೆ ಓರೆಗೆರೆಯ ಆಚೆ ತುದಿಯಲ್ಲಿರುವ ಕರಿಯ ಆನೆಯ ಮೇಲೆ ಕಣ್ಣಿಟ್ಟಿದ್ದಾನೆ. ಕಾವಲೂ ಅದೇ, ಏಟೂ ಅದೇ.

ಮಾರ್ಷಲ್ ಆನೆಯನ್ನು ಲೆಕ್ಕಿಸದೆ ಮಂತ್ರಿಯನ್ನು ನುಗ್ಗಿಸಿದನು. ಆನೆಯ ಆಸೆಗೆ ಬಿದ್ದಿದ್ದರೆ ಕಾಪಾಬ್ಲಾಂಕಾ ಅಲ್ಲಿಗೇ ಕೆಡುತ್ತಿದ್ದನು. (ನಾವಾಗಿದ್ದರೆ ತಿಂದೇಬಿಡುತ್ತಿದ್ದೆವು.) ಅವನು ನಡುವಿನ ಕಾಲಾಳನ್ನು ಎರಡು ಮನೆ ಮುಂದೊತ್ತಿ, ಕದಲದೆ ಕುಳಿತಿದ್ದ ಒಂಟೆಗೆ ದಾರಿ ಬಿಟ್ಟನು. ಮುಂದೆ ಚೆಕ್ಕಿನ ಮೇಲೆ ಚೆಕ್ಕು. ರಾಜ ಕೋಟೆ ಬಿಟ್ಟು, ಬಯಲಲ್ಲಿ ನಡೆದು, ಮಣೆಯ ಇನ್ನೊಂದು ಬದಿಯನ್ನು ಸೇರಿದನು. ಬೆನ್ನಟ್ಟಿ ಬಂದ ಕರಿಯ ಮಂತ್ರಿಯೂ ಒಂಟೆಯೂ ಬರಿದಾದ ಕೋಟೆಯ ಮೂಲೆಯಲ್ಲೇ ಸಿಕ್ಕಿಕೊಂಡವು. ಇತ್ತ 28ನೆಯ ನಡೆಯಿಂದ ಬಿಳಿಯ ಕಾಲಾಳುಗಳು ಹೊರಟವು. 35ನೆಯ ನಡೆಗೆ ಅವುಗಳಲ್ಲೊಂದು ಮಂತ್ರಿಯಾಗಲು ಒಂದೇ ಮನೆ ಉಳಿದಿತ್ತು. 36ರಲ್ಲಿ ಆಟ ಮುಗಿಯಿತು. ಮಾರ್ಷಲನ ದಾಳಿ ಕೆಟ್ಟದ್ದೆಂದು ಇದರ ಅರ್ಥವಲ್ಲ. ತಿದ್ದುಪಡಿಯಾಗಿ ಅದು ಇಂದಿಗೂ ಅವನ ಹೆಸರಿನಲ್ಲೇ ನಡೆಯುತ್ತಿದೆ.

ಎದುರೇಟೆಂದರೆ ಸದಾ ಹೊಡೆದಾಟವೂ ಅಲ್ಲ. 1953ರಲ್ಲಿ ಜ್ಯೂರಿಕ್‌ನಲ್ಲಿ ರೆಷೆವ್‌ಸ್ಕಿಯ ಕಾಲಾಳುಗಳ ಒತ್ತಡಕ್ಕೆ ಸಿಕ್ಕ ಪೆಟ್ರೋಸಿಯನ್, ತನ್ನ ಆನೆಯನ್ನು ತಾನೇ ಎದುರಿನ ಒಂಟೆಯ ಬಾಯಿಗೆ ಒಡ್ಡಿ, ಕುದುರೆಗೆ ನಡುಮಣೆಯಲ್ಲಿ ಅಲುಗದ ನೆಲೆ ಮಾಡಿಕೊಟ್ಟನು. ಆಟ ಸಮವಾಯಿತು.

ಮುಂದಿನ ಭಾನುವಾರ ನಾಲ್ಕು ಗಂಟೆಗೆ ಮೊದಲನೆಯ ಆಟವನ್ನು ಕಿಟಕಿಯ ಬಳಿಯ ಮೇಜಿನ ಮೇಲೆ ನಡೆನಡೆಯಾಗಿ ಹೂಡಿ ತೋರಿಸುತ್ತೇವೆ. ಆ ಪಂದ್ಯಕ್ಕೆ ಬಂದಿದ್ದ ಹುಡುಗರು ತಪ್ಪದೆ ಬರಬೇಕು. ಕರಿಯ ಕುದುರೆಯೊಂದು ಕಾಣೆಯಾಗಿ, ಅದರ ಬದಲು ಗಿರಣಿಯ ಹಳೆಯ ಬಾಬಿನ್ನಿನ ತುಂಡನ್ನು ಇಟ್ಟಿದ್ದೇವೆ. ಯಾರ ಮನೆಗಾದರೂ ಅದು ಮಕ್ಕಳ ಕೈಯಲ್ಲಿ ಹೋಗಿದ್ದರೆ ತಂದುಕೊಡಬೇಕೆಂದು ವಿನಂತಿ.