ನಗುವ ಸಂತ, ನಗುವ ಧರ್ಮಸಭೆ
(ಮೇ 26, ಸಂತ ಫಿಲಿಪ್ ನೇರಿಯವರ ಹಬ್ಬದ ಪ್ರಬೋಧನೆ)



ಇಂದು ನಾವು ಸಂತ ಫಿಲಿಪ್ ನೇರಿಯವರ ಹಬ್ಬವನ್ನು ಕೊಂಡಾಡುತ್ತಿದ್ದೇವೆ. 1515ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಹುಟ್ಟಿ, ರೋಮಿನಲ್ಲಿ ಸೇವೆಗೈದು, 1595ರ ಮೇ 26ರಂದು ದೈವಾಧೀನರಾದ ಈ ಗುರುಗಳನ್ನು 'ರೋಮಿನ ಪ್ರೇಷಿತ' ಎಂದು ಕರೆಯುತ್ತಾರೆ. 1622ರಲ್ಲಿ ಸಂತ ಇಗ್ನೇಷಿಯಸ್, ಸಂತ ಫ್ರಾನ್ಸಿಸ್ ಕ್ಸೇವಿಯರ್, ಆವಿಲಾದ ಸಂತ ತೆರೇಸಾರವರೊಡನೆ ಇವರಿಗೂ ಸಂತಪದವಿ ದೊರೆಯಿತು. ಇಂತಹ ಮಹನೀಯರ ಮೆಚ್ಚಿನ ಪುಸ್ತಕಗಳಲ್ಲಿ ಒಂದು ಹಾಸ್ಯಕಥೆಗಳ ಪುಸ್ತಕವೂ ಇತ್ತು!

ಇದನ್ನು ಹೇಳಲು ಕಾರಣವಿದೆ. ಧರ್ಮಕೇಂದ್ರದ ವಾರ್ತಾಪತ್ರದಲ್ಲಿ, ಹಬ್ಬದ ಸ್ಮರಣ ಸಂಚಿಕೆಯಲ್ಲಿ, ಈಗ ಮೊಬೈಲಿಗೆ ಬರುವ ಸಂದೇಶಗಳಲ್ಲಿ ನಗೆಹನಿಗೆ ಜಾಗವಿರಬೇಕೇ? "ದೇವರ ಕಾರ್ಯದಲ್ಲಿ ಹುಡುಗಾಟ ಬೇಡ" ಎನ್ನುತ್ತಾರೆ ಹಿರಿಯರು. "ಬರೀ ಉಪದೇಶವಾದರೆ ಯಾರು ಓದುತ್ತಾರೆ?" ಎನ್ನುತ್ತಾರೆ ಯುವಜನರು. ಇಬ್ಬರ ಮಾತಿನಲ್ಲೂ ಹುರುಳಿದೆ.

ಪವಿತ್ರ ಗ್ರಂಥದಲ್ಲಿ ಎರಡು ಬಗೆಯ ನಗುವನ್ನು ಕಾಣುತ್ತೇವೆ. ಮುಪ್ಪಿನಲ್ಲಿ ಮಗು ಹುಟ್ಟುವುದೆಂದು ಕೇಳಿ ಸಾರಾ ನಂಬಲಾರದೆ ನಕ್ಕಳು. ದೇವರು ಆ ನಗುವನ್ನೇ ಆನಂದವಾಗಿ ಮಾರ್ಪಡಿಸಿದರು. ಮಗುವಿಗಿಟ್ಟ 'ಇಸಾಕ' ಎಂಬ ಹೆಸರಿನ ಅರ್ಥವೇ ನಗು. ಯೇಸುಸ್ವಾಮಿಯೂ ತಮ್ಮ ಕಣ್ಣಲ್ಲಿ ತೊಲೆಯನ್ನಿಟ್ಟುಕೊಂಡು ಪರರ ಕಣ್ಣಿನ ಧೂಳು ತೆಗೆಯಲು ಹೊರಟವರ ಚಿತ್ರ ಕೊಟ್ಟಾಗ, ಸೊಳ್ಳೆಯನ್ನು ಸೋಸಿ ಒಂಟೆಯನ್ನು ನುಂಗುವವರ ಮಾತೆತ್ತಿದಾಗ, ಕೇಳಿದವರ ತುಟಿಯಲ್ಲಿ ನಗು ಮೂಡಿರಲಾರದೇ?

ಆದರೆ ಅದೇ ಶುಭಸಂದೇಶದಲ್ಲಿ ಮತ್ತೊಂದು ನಗುವೂ ಇದೆ. ಸೈನಿಕರು ಸ್ವಾಮಿಗೆ ಮುಳ್ಳಿನ ಕಿರೀಟ ತೊಡಿಸಿ, ಕೈಗೆ ಬೆತ್ತ ಕೊಟ್ಟು, ಮೊಣಕಾಲೂರಿ ಗೇಲಿ ಮಾಡಿದರು. ಅವರಿಗೆ ಅದೂ ತಮಾಷೆಯೇ! ಒಂದು ನಗು ಬದುಕಿಸುತ್ತದೆ, ಮತ್ತೊಂದು ಶಿಲುಬೆಗೇರಿಸುತ್ತದೆ.

ಸಂತ ಫಿಲಿಪ್ಪರು ಯಾರನ್ನು ನೋಡಿ ನಗುತ್ತಿದ್ದರು? ಜನ ತಮ್ಮನ್ನು ಸಂತನೆಂದು ಹೊಗಳಲು ತೊಡಗಿದಾಗ ಗಡ್ಡದ ಅರ್ಧಭಾಗ ಮಾತ್ರ ಬೋಳಿಸಿಕೊಂಡು ಹೊರಟವರು ಅವರು. ಅವರ ಹಾಸ್ಯದ ಮೊದಲ ಗುರಿ ಅವರೇ. ಬಡವರನ್ನು, ರೋಗಿಗಳನ್ನು, ದಣಿದು ಬಂದ ಯಾತ್ರಿಕರನ್ನು ಅವರು ಗೇಲಿ ಮಾಡಲಿಲ್ಲ, ಉಪಚರಿಸಿದರು. ಅವರ ಆನಂದದ ಬೇರು ಪ್ರಾರ್ಥನೆಯಲ್ಲಿತ್ತು. 1544ರ ಪೆಂತೆಕೋಸ್ತ್ ಹಬ್ಬದ ಸಮಯದಲ್ಲಿ, ಸಂತ ಸೆಬಾಸ್ಟಿಯನ್ನರ ಸಮಾಧಿ ಗುಹೆಗಳಲ್ಲಿ ಪ್ರಾರ್ಥಿಸುತ್ತಿದ್ದಾಗ, ಪವಿತ್ರಾತ್ಮರ ಪ್ರೀತಿ ಅವರ ಹೃದಯವನ್ನು ಬೆಂಕಿಯಂತೆ ತುಂಬಿತು.

ನಮ್ಮ ಬರಹವನ್ನು ಇದೇ ಒರೆಗಲ್ಲಿಗೆ ಹಚ್ಚೋಣ. ಕುಡುಕನ ಬಗ್ಗೆ ಜೋಕ್ ಬರೆಯುತ್ತೇವೆ. ಹಿಂದಿನ ರಾತ್ರಿ ಕುಡಿದ ಗಂಡನಿಂದ ಪೆಟ್ಟು ತಿಂದ ತಾಯಿಯೂ ಅದನ್ನು ಓದುತ್ತಾಳೆ. ಮಕ್ಕಳಿಲ್ಲದ ದಂಪತಿ, ಉಚ್ಚಾರ ಸರಿಯಿಲ್ಲದ ವಾಚಕ, ಮದುವೆ ಕೂಡಿಬಾರದ ಮಗಳು ಓದುತ್ತಾರೆ. ಅವರು ಜಗಳಕ್ಕೆ ಬರುವುದಿಲ್ಲ. ಮುಂದಿನ ಭಾನುವಾರ ಬಲಿಪೂಜೆಗೆ ಬರುವುದಿಲ್ಲ, ಅಷ್ಟೇ. ಒಂದು ನಗೆಹನಿಗೆ ಒಂದು ಆತ್ಮವನ್ನು ಬೆಲೆ ತೆರಬೇಕೇ?

ಹಾಗೆಂದು ಬಾಯಿ ಬಿಗಿದುಕೊಂಡು ಕೂರುವುದೂ ಬೇಡ. ಜಗದ್ಗುರು ಫ್ರಾನ್ಸಿಸರು 2018ರಲ್ಲಿ ಪಾವಿತ್ರ್ಯವನ್ನು ಕುರಿತು ಬರೆದ ಪತ್ರದಲ್ಲಿ ಆನಂದ ಮತ್ತು ಹಾಸ್ಯಪ್ರಜ್ಞೆಯನ್ನು ಪವಿತ್ರ ಜೀವನದ ಲಕ್ಷಣಗಳಲ್ಲಿ ಸೇರಿಸಿದರು. 2024ರ ಜೂನ್‌ನಲ್ಲಿ ನೂರಕ್ಕೂ ಹೆಚ್ಚು ಹಾಸ್ಯಕಲಾವಿದರನ್ನು ವ್ಯಾಟಿಕನ್ನಿಗೆ ಕರೆಸಿ ಮಾತನಾಡಿದರು. ನಗುವಿಲ್ಲದ ಮನೆಗೆ ನೆಂಟರು ಬಾರರು, ನಗುವಿಲ್ಲದ ದೇವಾಲಯಕ್ಕೆ ಮಕ್ಕಳು ಬಾರರು.

ಆದ್ದರಿಂದ ಧಾರಾಳವಾಗಿ ನಗೋಣ. ನಮ್ಮ ಉದ್ದುದ್ದ ಪ್ರಬೋಧನೆಗಳನ್ನು, ತಡವಾಗಿ ಬರುವ ನಮ್ಮ ಚಾಳಿಯನ್ನು, ಮುಗಿಯದ ನಮ್ಮ ಸಭೆಗಳನ್ನು ನೆನೆದು ನಗೋಣ. ಪರಮಪ್ರಸಾದ, ಪಾಪನಿವೇದನೆ, ಇನ್ನೊಬ್ಬರ ಕಣ್ಣೀರು ಇವು ಮಾತ್ರ ತಮಾಷೆಯ ವಸ್ತುಗಳಾಗದಿರಲಿ. ಬರೆದದ್ದನ್ನು ಕಳುಹಿಸುವ ಮುನ್ನ ಒಂದೇ ಪ್ರಶ್ನೆ ಕೇಳಿಕೊಳ್ಳೋಣ: ಇದು ಯಾರ ಕುರಿತಾಗಿದೆಯೋ ಅವರೂ ನಮ್ಮೊಡನೆ ನಗಬಲ್ಲರೇ?

ಸಂತ ಫಿಲಿಪ್ ನೇರಿಯವರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.