ದನಕರುಗಳ ಹೃದಯ: ತಿಳಿದಿರಬೇಕಾದ ನಾಲ್ಕು ಮಾತು



ನಾನು ಪಶುವೈದ್ಯನಲ್ಲ. ಮೆಟ್ರಿಕ್ ತನಕ ಓದಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಪೊಳ್ಳಾಚಿ ಸಂತೆಯಲ್ಲಿ ಹಸು ಕೊಳ್ಳಲು ಸಾಲ ಕೇಳಿ ಬಂದವರ ಅರ್ಜಿಗಳನ್ನು ಎಷ್ಟೋ ಬರೆದಿದ್ದೇನೆ. ಬಣ್ಣ, ಕೊಂಬು, ಹಲ್ಲು, ಕಿವಿಯ ಬಿಲ್ಲೆಯ ಸಂಖ್ಯೆ, ಎಲ್ಲವನ್ನೂ ದಾಖಲಿಸುತ್ತಿದ್ದೆ. ಒಳಗೆ ಬಡಿಯುವ ಗುಂಡಿಗೆಯ ವಿಚಾರ ಮಾತ್ರ ನನಗೆ ತಿಳಿದದ್ದು ಸ್ವಂತ ಹಸುವನ್ನು ಕಳೆದುಕೊಂಡ ಮೇಲೆ. ನಿಮಗೆ ಹಾಗಾಗಬಾರದೆಂದು ಈ ನಾಲ್ಕು ಮಾತು.

ಹಸು, ಎಮ್ಮೆ, ಆಡು, ಕುರಿ, ನಾಯಿ ಎಲ್ಲಕ್ಕೂ ನಮ್ಮಂತೆಯೇ ನಾಲ್ಕು ಕೋಣೆಗಳ ಹೃದಯ. ಕೋಳಿಗೂ ನಾಲ್ಕೇ. ಮೇಲಿನ ಎರಡು ಹೃತ್ಕರ್ಣಗಳು, ಕೆಳಗಿನ ಎರಡು ಹೃತ್ಕುಕ್ಷಿಗಳು. ಮೈಯೆಲ್ಲ ಸುತ್ತಿ ಬಂದ ಅಶುದ್ಧ ರಕ್ತ ಬಲಭಾಗಕ್ಕೆ ಸೇರಿ, ಅಲ್ಲಿಂದ ಶ್ವಾಸಕೋಶಕ್ಕೆ ಹೋಗುತ್ತದೆ. ಅಲ್ಲಿ ಪ್ರಾಣವಾಯು ಪಡೆದು ಎಡಭಾಗಕ್ಕೆ ಬಂದು, ಮತ್ತೆ ಮೈಗೆಲ್ಲ ಹರಿಯುತ್ತದೆ. ದೂರದವರೆಗೆ ತಳ್ಳಬೇಕಾದ್ದರಿಂದ ಎಡ ಹೃತ್ಕುಕ್ಷಿಯ ಗೋಡೆ ಬಲು ದಪ್ಪ. ಹೋದ ರಕ್ತ ಹಿಂದಕ್ಕೆ ಬಾರದಂತೆ ಕವಾಟಗಳಿವೆ. ಅವು ಮುಚ್ಚಿಕೊಳ್ಳುವ ಸದ್ದೇ ನಾವು ಕೇಳುವ ಲಬ್-ಡಬ್.

ದೊಡ್ಡ ಹಸುವಿನ ಹೃದಯ ಎರಡು ಕಿಲೋಗೂ ಹೆಚ್ಚು ತೂಗುತ್ತದೆ. ಒಂದು ಲೀಟರ್ ಹಾಲು ಆಗಬೇಕಾದರೆ ಸುಮಾರು 400ರಿಂದ 500 ಲೀಟರ್ ರಕ್ತ ಕೆಚ್ಚಲಿನ ಮೂಲಕ ಹಾದುಹೋಗಬೇಕು. ಅಷ್ಟನ್ನೂ ತಳ್ಳುವುದು ಈ ಗುಂಡಿಗೆಯೇ.

ಇದರ ಬಡಿತವನ್ನು ನೀವೇ ಎಣಿಸಬಹುದು. ಹಸುವಿನ ಎಡ ಮುಂಗಾಲಿನ ಮೊಣಕೈ ಹಿಂದೆ ಕಿವಿಯಿಟ್ಟರೆ ಸದ್ದು ಕೇಳುತ್ತದೆ. ಬಾಲದ ಬುಡದಿಂದ ಒಂದು ಗೇಣು ಕೆಳಗೆ, ಒಳಮಗ್ಗುಲಲ್ಲಿ ಬೆರಳಿಟ್ಟರೆ ನಾಡಿ ಸಿಗುತ್ತದೆ. ಆಡು, ಕುರಿಗಳಿಗೆ ಹಿಂದೊಡೆಯ ಒಳಭಾಗದಲ್ಲಿ ನೋಡಬೇಕು. ಬೆಳೆದ ಹಸುವಿಗೆ ನಿಮಿಷಕ್ಕೆ ಸುಮಾರು 50ರಿಂದ 80, ಆಡು ಕುರಿಗಳಿಗೆ 70ರಿಂದ 90, ಎಳೆಗರುವಿಗೆ 100ಕ್ಕೂ ಮೇಲೆ. ಕೋಳಿಯದು 250 ದಾಟುತ್ತದೆ. ಬಿಸಿಲಿನಲ್ಲಿ ನಡೆದು ಬಂದಾಗ, ಬೆದರಿದಾಗ ಎಣಿಸಬೇಡಿ. ದನ ನೆರಳಿನಲ್ಲಿ ಸುಮ್ಮನೆ ನಿಂತಾಗ ಎಣಿಸಿ.

ಈಗ ಮುಖ್ಯ ವಿಷಯ. ಹಸುವಿಗೆ ಮೇವನ್ನು ಆಯ್ದು ತಿನ್ನುವ ಅಭ್ಯಾಸವಿಲ್ಲ. ನಾಲಿಗೆಯಿಂದ ಬಾಚಿ, ಸರಿಯಾಗಿ ಅಗಿಯದೆ ನುಂಗಿ, ಆಮೇಲೆ ಮೆಲುಕು ಹಾಕುತ್ತದೆ. ಆಡಾದರೋ ತುಟಿಯಿಂದ ಆರಿಸಿ ತಿನ್ನುವುದರಿಂದ ಅದಕ್ಕೆ ಈ ಅಪಾಯ ಕಡಿಮೆ. ಹಸು ನುಂಗಿದ ಮೊಳೆ, ತಂತಿಗಳು ಜೇನುಗೂಡಿನಂಥ ಎರಡನೆಯ ಹೊಟ್ಟೆಯಲ್ಲಿ ಉಳಿಯುತ್ತವೆ. ಈ ಹೊಟ್ಟೆಗೂ ಹೃದಯಕ್ಕೂ ನಡುವೆ ಇರುವುದು ತೆಳುವಾದ ವಪೆ ಮಾತ್ರ. ಹೊಟ್ಟೆ ಹಿಂಡಿದಾಗ, ಗರ್ಭ ಬೆಳೆದು ಒತ್ತಿದಾಗ, ಕರು ಹಾಕಲು ಮುಕ್ಕಿದಾಗ ತಂತಿ ಮುಂದಕ್ಕೆ ಸರಿದು ಹೃದಯದ ಚೀಲವನ್ನೇ ಚುಚ್ಚುತ್ತದೆ.

ನಮ್ಮ ಹಸು ಹೀಗೆಯೇ ಹೋಯಿತು. ಬೇಲಿ ಸರಿಪಡಿಸಿದವನು ನಾನೇ. ಕತ್ತರಿಸಿದ ತಂತಿ ಚೂರುಗಳನ್ನು ಹುಲ್ಲಿನಲ್ಲೇ ಬಿಟ್ಟವನೂ ನಾನೇ. ಒಮ್ಮೆಲೇ ಹಾಲು ಇಳಿಯಿತು. ಬೆನ್ನು ಬಾಗಿಸಿ, ಮೊಣಕೈಗಳನ್ನು ಹೊರಚಾಚಿ ನಿಲ್ಲುತ್ತಿತ್ತು. ಅಜೀರ್ಣವೆಂದು ಶುಂಠಿ ಕಷಾಯ ಕುಡಿಸುತ್ತ ದಿನ ಕಳೆದೆ. ಗಂಗೆದೊಗಲು ಊದಿ, ಕತ್ತಿನ ನರ ಹಗ್ಗದಂತೆ ಉಬ್ಬಿದಾಗ ವೈದ್ಯರನ್ನು ಕರೆತಂದೆ. ಅವರು ಎದೆಗೆ ಕೊಳವೆಯಿಟ್ಟು ಕೇಳಿ ತಲೆಯಾಡಿಸಿದರು. ಸತ್ತ ಮೇಲೆ ಕೊಯ್ದು ನೋಡಿದಾಗ ಹೃದಯದ ಸುತ್ತ ಕೀವು, ಅದರ ನಡುವೆ ಎರಡಂಗುಲದ ತಂತಿ. ಮನೆಯಾಕೆ ಆ ದಿನ ಒಲೆ ಹೊತ್ತಿಸಲಿಲ್ಲ.

ಆದ್ದರಿಂದ ಬೇಲಿ ಕಟ್ಟಿದ ಜಾಗದಲ್ಲಿ, ಮನೆ ಕಟ್ಟುವಲ್ಲಿ ಬಿದ್ದ ಮೊಳೆ, ತಂತಿಗಳನ್ನು ಅಂದೇ ಆರಿಸಿ. ಸೊಪ್ಪೆಯನ್ನು ಕೊಡವಿ ಹಾಕಿ. ಬೆರಳುದ್ದದ ಅಯಸ್ಕಾಂತವನ್ನು ವೈದ್ಯರಿಂದ ನುಂಗಿಸಿದರೆ ಅದು ಹೊಟ್ಟೆಯಲ್ಲೇ ಉಳಿದು ಕಬ್ಬಿಣವನ್ನು ಹಿಡಿದಿಡುತ್ತದೆ. ಇದು ಮುಂಜಾಗ್ರತೆ ಮಾತ್ರ. ಗುಂಡಿಗೆಗೆ ಚುಚ್ಚಿದ ಮೇಲೆ ಅದರಿಂದ ಪ್ರಯೋಜನವಿಲ್ಲ. ಮೇವು ಬಿಟ್ಟು ಬೆನ್ನು ಬಾಗಿಸಿ ನಿಂತ ಹಸುವಿಗೆ ಕಷಾಯ ಕುಡಿಸುತ್ತ ಕೂರಬೇಡಿ, ಅಂದೇ ವೈದ್ಯರಿಗೆ ತೋರಿಸಿ.

ಇವತ್ತು ಸಂಜೆ ಹಾಲು ಕರೆದ ಮೇಲೆ ನಿಮ್ಮ ಹಸುವಿನ ಬಾಲದಡಿ ಒಂದು ನಿಮಿಷ ಬೆರಳಿಟ್ಟು ಎಣಿಸಿ, ಬರೆದಿಡಿ. ಆರೋಗ್ಯದಲ್ಲಿದ್ದಾಗಿನ ಲೆಕ್ಕ ತಿಳಿದಿದ್ದರೆ ಕಾಯಿಲೆಯ ಲೆಕ್ಕ ಬೇಗ ತಿಳಿಯುತ್ತದೆ.